ಮೊದಲು ನೀರು ಕೇಳೋದು

ಗುರುತು ಪರಿಚಯ ಇಲ್ದೋರ ಹತ್ರ ಯೇಸು ವಿಷಯ ಮಾತಾಡೋಕೆ ಶುರು ಮಾಡಿ ಹನ್ನೊಂದು ವರ್ಷ ಆಯ್ತು, ಅದ್ರಲ್ಲಿ ಮೊದಲ ಮೂರು ವರ್ಷ ನಾನು ಮಾಡಿದ್ದು ಸರಿ ಇರ್ಲಿಲ್ಲ. ಕೆಲಸದ ಮೇಲೆ ಮೈಸೂರು-ಬೆಂಗಳೂರು ಟ್ರೈನಲ್ಲಿ ಓಡಾಡ್ತಿದ್ದೆ, ಬ್ಯಾಗ್ ತುಂಬ ಕರಪತ್ರ, ಪಕ್ಕದವರು ಸರಿಯಾಗಿ ಕೂತ್ಕೊಳೋ ಮುಂಚೇನೆ ಒಂದು ಕೈಗಿಟ್ಟು "ಸತ್ತ ಮೇಲೆ ಎಲ್ಲಿಗೆ ಹೋಗ್ತೀರ ಗೊತ್ತಾ" ಅಂತ ಕೇಳ್ಬಿಡೋದು. ಒಂದಿನ ಒಬ್ಬ ಹುಡುಗನಿಗೂ ಹಾಗೇ ಕೇಳ್ದೆ. ಅವರಪ್ಪ ತೀರ್ಕೊಂಡು ಹದಿನೈದು ದಿನ ಆಗಿತ್ತಂತೆ, ತಲೆ ಬೋಳಿಸಿದ್ದು ಕಣ್ಣೆದುರಿಗೇ ಇದ್ರೂ ನಾನು ನೋಡಿರ್ಲಿಲ್ಲ. ಬೈಲಿಲ್ಲ ಅವನು, ಎದ್ದು ಬಾಗಿಲ ಹತ್ರ ಹೋಗಿ ನಿಂತ, ಕೆಂಗೇರಿವರೆಗೂ ನಿಂತೇ ಇದ್ದ.

ಆ ರಾತ್ರಿ ಬೈಬಲಲ್ಲಿ ಯೋಹಾನ 4ನೇ ಅಧ್ಯಾಯ ತೆಗೆದೆ. ಬಾವಿ ಹತ್ರ ಆ ಸಮಾರ್ಯದ ಹೆಂಗಸಿನ ಜೊತೆ ಯೇಸು ಮಾತು ಶುರು ಮಾಡಿದ್ದು ಉಪದೇಶದಿಂದ ಅಲ್ಲ, ಕುಡಿಯೋಕೆ ನೀರು ಕೊಡು ಅಂತ. ಯೇಸು ಯೆಹೂದ್ಯ, ಅವಳ ಜನರ ಜೊತೆ ಯೆಹೂದ್ಯರು ಬಳಕೆ ಇಟ್ಕೊಳ್ತಿರ್ಲಿಲ್ಲ, ನೀರಿನ ಮಡಿ ಅಂದ್ರೇನು ಅಂತ ನಮ್ಮೂರಲ್ಲಿ ಯಾರಿಗೆ ಹೇಳ್ಕೊಡ್ಬೇಕು?

ಅಲ್ಲಿಂದ ಕರಪತ್ರ ಬಿಟ್ಟೆ, ಬೈಬಲ್ ಮಾತ್ರ ಇಟ್ಕೋತೀನಿ, ಓದ್ತಾ ಕೂರ್ತೀನಿ, ಅವರಾಗೇ ಕೇಳಿದ್ರೆ ಹೇಳ್ತೀನಿ. ಒಬ್ರು ರಿಟೈರ್ಡ್ ಕನ್ನಡ ಮೇಷ್ಟ್ರು ಅದನ್ನ ನೋಡಿ, ಪಾದ್ರಿ ಕಿಟೆಲ್ಲರ 1894ರ ನಿಘಂಟು ನಮ್ಮನೇಲಿದೆ ಕಣ್ರೀ, ಪರದೇಶದಿಂದ ಬಂದ ಮನುಷ್ಯ ನಮ್ಮ ಭಾಷೆಗೆ ಜೀವ ತೇಯ್ದ್ಬಿಟ್ಟ, ಯಾಕೆ ಅಂತ ಅವರೇ ಮಾತು ತೆಗೆದ್ರು, ರಾಮನಗರ ದಾಟಿದ್ದೂ ಗೊತ್ತಾಗ್ಲಿಲ್ಲ. "ಕನ್ವರ್ಟ್ ಮಾಡೋಕೆ ಬಂದ್ರಾ" ಅಂತ ಮುಖಕ್ಕೇ ಕೇಳೋರೂ ಇದ್ದಾರೆ. ಕೋಪ ಮಾಡ್ಕೊಳಲ್ಲ. ನಾನು ನಂಬಿದ್ದು ಹೇಳ್ತೀನಿ, ಬೇಡ ಅಂದ್ರೆ ನಿಲ್ಲಿಸ್ತೀನಿ ಅಂತೀನಿ, ನಿಲ್ಲಿಸ್ತೀನಿ ಕೂಡ. ಸಂವಿಧಾನದ 25ನೇ ವಿಧಿ ಧರ್ಮದ ವಿಷಯ ಹೇಳೋ ಹಕ್ಕು ನನಗೆ ಕೊಟ್ಟಿದೆ, ಆದ್ರೆ ಎದುರಿಗಿರೋರು ಕೇಳಿಸ್ಕೊಳ್ಳೇಬೇಕು ಅಂತ ಎಲ್ಲೂ ಇಲ್ಲ. ದುಡ್ಡು, ಕೆಲಸ, ಕಾಯಿಲೆ ವಾಸಿ ಅಂತ ಆಸೆ ತೋರಿಸಲ್ಲ, ಅಪ್ಪ ಅಮ್ಮ ಇಲ್ದಾಗ ಮಕ್ಕಳ ಹತ್ರ ಈ ಮಾತೇ ಎತ್ತಲ್ಲ.

ಹೋದ ಬೇಸಿಗೇಲಿ ಬಾಟ್ಲಿ ಮರೆತು ಹೋಗಿದ್ದೆ. ಮಂಡ್ಯದಲ್ಲಿ ಹತ್ತಿದ ಅಜ್ಜಿ ಹತ್ರ ನೀರು ಕೇಳ್ದೆ, ಚೀಲದಿಂದ ಸ್ಟೀಲ್ ಲೋಟ ತೆಗೆದು ಸೆರಗಲ್ಲಿ ಒರೆಸಿ ಕೊಟ್ರು. ಆಮೇಲೆ ಮದ್ದೂರುವರೆಗೂ ಅವರೇ ಮಾತಾಡಿದ್ದು. ಜಮೀನು ಪಾಲಿನ ಜಗಳದಲ್ಲಿ ಮಗ ಮನೆ ಬಿಟ್ಟು ಹೋಗಿ ಮೂರು ವರ್ಷ, ಒಂದು ಫೋನಿಲ್ಲ. ನಾನು ಸುಮ್ನೆ ಕೇಳಿಸ್ಕೊಂಡೆ. ಆಮೇಲೆ, ಇಂಥದ್ದೇ ಒಂದು ಕಥೆ ಯೇಸು ಹೇಳಿದಾನೆ ಅಮ್ಮಾ, ಹೇಳ್ಲಾ ಅಂದೆ, ಹೇಳಪ್ಪ ಅಂದ್ರು. ಪಾಲು ಇಸ್ಕೊಂಡು ಹೋದ ಮಗ, ಹಂದಿ ಮೇಯಿಸಿದ್ದು, ಹಸ್ಕೊಂಡು ವಾಪಸ್ ಬಂದಿದ್ದು, ಇನ್ನೂ ದೂರ ಇದ್ದಾಗ್ಲೇ ಅಪ್ಪ ನೋಡಿ ಓಡಿ ಹೋಗಿ ತಬ್ಕೊಂಡಿದ್ದು.

"ಅಪ್ಪ ಓಡಿದ್ನಾ?" ಅಂದ್ರು.

"ಓಡ್ದ ಅಮ್ಮಾ."

"ನಮ್ ಕಡೆ ಗಂಡಸ್ರು ಓಡಲ್ಲ ಕಣಪ್ಪ. ನಮ್ಮನೆಯೋರು ಹೊಸ್ಲು ದಾಟಲ್ಲ." ಲೋಟ ಕೈಯಲ್ಲೇ ತಿರುಗಿಸ್ತಾ ಕೂತ್ರು. ದೇವರು ಅಂಥ ಅಪ್ಪ ಅಂತ ನಾನು ನಂಬ್ತೀನಿ ಅಂದೆ, ಅಷ್ಟೇ. ಅವರು ನಂಬಿದ್ರೋ ಇಲ್ವೋ ಕೇಳ್ಲಿಲ್ಲ, ನಿಮ್ಮ ಮಗನಿಗೋಸ್ಕರ ಪ್ರಾರ್ಥನೆ ಮಾಡ್ಲಾ ಅಂತ ಕೇಳ್ದೆ. ಕೆಂಗೇರೀಲಿ ಇಳಿಯೋವಾಗ ಕಿಟಕಿ ಹತ್ರ ಬಂದು ಮಗನ ಹೆಸರು ಎರಡು ಸಲ ಹೇಳಿದ್ರು, ನಾನು ಮರೀಬಾರ್ದು ಅಂತ.