ಹಿನ್ನೀರಿನ ದ್ವೀಪದ ಚರಿತ್ರೆ ಅಟ್ಟದ ಮೇಲಿದೆ: ಹಳೇ ಪೇಪರ್ ಕಟಿಂಗ್ ಉಳಿಸ್ಕೊಳ್ಳೋದು ಹೇಗೆ?

2025ರ ಜುಲೈ 14ಕ್ಕೆ ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯ್ತು, ಅದರ ಫೋಟೋ ವಿಡಿಯೋ ಎಲ್ಲರ ಮೊಬೈಲಲ್ಲೂ ಇದೆ. ಆದ್ರೆ ಅದಕ್ಕಿಂತ ಮುಂಚಿನ ಕಾಲದ್ದು? 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಆಗಿ ಶರಾವತಿ ನೀರು ಏರಿದ ಮೇಲೆ ಸಾಗರ ತಾಲ್ಲೂಕಿನ ತುಮರಿ, ಬ್ಯಾಕೋಡು, ಕಳಸವಳ್ಳಿ ಸುತ್ತಮುತ್ತಲ ಊರುಗಳು ಒಂದ್ಕಡೆ ಘಟ್ಟದ ಕಾಡು, ಉಳಿದ ಕಡೆ ಹಿನ್ನೀರು ಅಂತಾಗಿ ದ್ವೀಪವೇ ಆಗೋದ್ವು, ಲಾಂಚ್ (ಜನರನ್ನ, ವಾಹನಗಳನ್ನ ಹಿನ್ನೀರು ದಾಟಿಸೋ ದೋಣಿ) ಇದ್ರೆ ಸಾಗರ, ಇಲ್ದಿದ್ರೆ ಸುತ್ತು ಬಳಸಿ ಹೋಗ್ಬೇಕು. ಆ ಬದುಕಿನ ಬಗ್ಗೆ ಪತ್ರಿಕೆಗಳಲ್ಲಿ ಬಂದಿದ್ದೆಲ್ಲ ಇವತ್ತು ಯಾರದ್ದೋ ಮನೆ ಟ್ರಂಕಲ್ಲಿ, ಹಳೇ ಲೆಕ್ಕದ ಪುಸ್ತಕದ ಮಧ್ಯೆ, ದೇವರ ಫೋಟೋ ಹಿಂದೆ ಕೂತಿದೆ. ಈಗ ರಸ್ತೆ ಬಂತು, ಹಳೇ ಮನೆ ಕೆಡವಿ ಹೊಸದು ಕಟ್ಟೋರು ಹೆಚ್ಚಾಗ್ತಾರೆ, ಅಟ್ಟ ಖಾಲಿ ಮಾಡುವಾಗ ಮೊದಲು ಗುಜರಿಗೆ ಹೋಗೋದೇ ಕಾಗದ. ಅದಕ್ಕೇ ಈ ಕೆಲಸ ಈ ವರ್ಷವೇ ಶುರು ಮಾಡ್ಬೇಕು.

ಎಲ್ಲಿ ಹುಡುಕೋದು

ಊರೊಳಗೆ ಹುಡುಕೋದು ಸಲೀಸು. ರಿಟೈರ್ ಆದ ಮೇಷ್ಟ್ರು, ಪಂಚಾಯ್ತಿ ಮೆಂಬರ್ ಆಗಿದ್ದೋರು, ಪೋಸ್ಟ್ ಮಾಸ್ಟರ್, ಪತ್ರಿಕೆ ಏಜೆಂಟು, ಲಾಂಚಿಗಾಗಿ ಸೇತುವೆಗಾಗಿ ಅರ್ಜಿ ಬರೆದು ಬರೆದು ಫೈಲ್ ಮಾಡಿಟ್ಟೋರು, ಇವರ ಮನೆಗೆ ಮೊದ್ಲು ಹೋಗಿ. ಆದ್ರೆ ಅರ್ಧ ಚರಿತ್ರೆ ಊರಲ್ಲೇ ಇಲ್ಲ. ಮುಳುಗಡೆ ಆದಾಗ ಎಷ್ಟೋ ಕುಟುಂಬಗಳು ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ, ಹೊಸನಗರದ ಕಡೆ ಹೋಗಿ ನೆಲೆಸಿದ್ರು, ಭೂಮಿ ಹಕ್ಕಿನ ಗಲಾಟೆ ಇನ್ನೂ ಮುಗಿದಿಲ್ಲ ಅನ್ನೋ ಕಾರಣಕ್ಕೇ ಅವರ ಮನೇಲಿ ಪರಿಹಾರದ ನೋಟಿಸು, ಪಹಣಿ, ಪೇಪರ್ ಕಟಿಂಗ್ ಎಲ್ಲ ಒಟ್ಟಿಗೇ ಜೋಪಾನವಾಗಿ ಇರತ್ತೆ. ಅವರನ್ನ ಬಿಟ್ಟು ದ್ವೀಪದ ಚರಿತ್ರೆ ಬರೆದ್ರೆ ಅದು ಉಳಿದೋರ ಚರಿತ್ರೆ ಮಾತ್ರ ಆಗತ್ತೆ, ಎದ್ದು ಹೋದೋರದ್ದು ಸೇರಲ್ಲ.

ಇನ್ನೊಂದು ವಿಷ್ಯ, 1964ಕ್ಕೇ ನಿಲ್ಲಿಸ್ಬೇಡಿ. ಅದಕ್ಕಿಂತ ಮುಂಚೆ ಹಿರೇಭಾಸ್ಕರ ಅಣೆಕಟ್ಟು ಇತ್ತಲ್ಲ, ಮಡೇನೂರು ಡ್ಯಾಂ ಅಂತ ಕರೀತಾರೆ, ಬೇಸಿಗೇಲಿ ನೀರು ತೀರಾ ಇಳಿದಾಗ ಈಗ್ಲೂ ಮೇಲೆ ಕಾಣತ್ತೆ, ಆಗಲೇ ಒಂದು ಸಲ ಎದ್ದು ಲಿಂಗನಮಕ್ಕಿಗೆ ಎರಡನೇ ಸಲ ಎದ್ದ ಕುಟುಂಬಗಳಿವೆ. ಗೇಣಿ ರೈತರು ಮಾಡಿದ 1951ರ ಕಾಗೋಡು ಸತ್ಯಾಗ್ರಹವೂ ಇದೇ ತಾಲ್ಲೂಕಿನದ್ದು, ಅದರ ಸುದ್ದಿ ಸಿಕ್ಕಿದ್ರೆ ಅದನ್ನೂ ತಗೊಳ್ಳಿ, ಮುಳುಗಿದ ಜಮೀನು ಯಾರ ಹೆಸರಲ್ಲಿತ್ತು, ಉಳ್ತಾ ಇದ್ದೋರು ಯಾರು ಅನ್ನೋದಕ್ಕೆ ಅದೇ ಹಿನ್ನೆಲೆ.

ಕೈಗೆ ಸಿಕ್ಕ ಕೂಡ್ಲೇ ಬರ್ಕೊಳ್ಳೋದು

ಇದು ಎಲ್ಲಕ್ಕಿಂತ ಮುಖ್ಯ, ಹೆಚ್ಚಿನವರು ಬಿಡೋದೂ ಇದನ್ನೇ. ಕಟಿಂಗ್ ತಗೊಂಡು ಬರ್ತಾರೆ, ಯಾರ ಮನೇದು ಅನ್ನೋದು ಮರ್ತೇ ಹೋಗತ್ತೆ. ಪತ್ರಿಕೆಯ ಆ ಸಂಚಿಕೆ ಎಲ್ಲಾದ್ರೂ ಲೈಬ್ರರೀಲಿ ಸಿಕ್ಕೀತು, ಆದ್ರೆ ಇಷ್ಟು ಸುದ್ದಿಗಳ ನಡುವೆ ಆ ಮನೆಯೋರು ಇದೊಂದನ್ನೇ ಯಾಕೆ ಕತ್ತರಿಸಿ ಇಟ್ಕೊಂಡ್ರು ಅನ್ನೋದು ಯಾವ ಲೈಬ್ರರೀಲೂ ಸಿಗಲ್ಲ. ಹಾಗಾಗಿ ಕೊಟ್ಟೋರು ಯಾರು, ಕತ್ತರಿಸಿದ್ದು ಯಾರು, ಎಲ್ಲಿ ಇಟ್ಟಿದ್ರು, ಜೊತೆಗೆ ಇನ್ನೇನಿತ್ತು, ಇಷ್ಟನ್ನ ಅಲ್ಲೇ ಕೂತು ಬರ್ಕೊಳ್ಳಿ. ಬರೆಯೋದು ಪೆನ್ಸಿಲಲ್ಲಿ, ಕಟಿಂಗ್ ಮೇಲಲ್ಲ, ಬೇರೆ ಚೀಟಿ ಮೇಲೆ.

ತಾರೀಖು ಇಲ್ದಿದ್ರೆ

ಸಾಮಾನ್ಯವಾಗಿ ಇರಲ್ಲ. ಸುದ್ದಿ ಸುತ್ತ ನೀಟಾಗಿ ಕತ್ತರಿ ಆಡಿಸಿರ್ತಾರೆ, ತಾರೀಖು ಪುಟದ ಮೇಲ್ತುದಿಗೆ ಹೋಗಿರತ್ತೆ. ಆಗ ಹಿಂದೆ ತಿರುಗಿಸಿ ನೋಡಿ. ಒಂದು ಬದಿ ಲಾಂಚ್ ಸುದ್ದಿ, ಹಿಂಬದಿ ಅರ್ಧ ತುಂಡಾದ ಸಿನಿಮಾ ಜಾಹೀರಾತು ಇದ್ರೆ ಆ ಸಿನಿಮಾ ಬಿಡುಗಡೆಯಾದ ವರ್ಷವೇ ನಿಮಗೆ ದಾರಿ. ಬೆಲೆ ಆಣೆಯಲ್ಲಿದ್ರೆ ಹೆಚ್ಚಾಗಿ 1957ರ ಏಪ್ರಿಲ್‌ಗಿಂತ ಹಿಂದಿನದ್ದು, ನಯೇ ಪೈಸೆ ಅಂತಿದ್ರೆ 1957ರಿಂದ 1964ರ ಒಳಗಿನದ್ದು ಅನ್ಕೋಬಹುದು. ಮೈಸೂರು ರಾಜ್ಯ ಅಂತ ಬರೆದಿದ್ರೆ 1973ರ ನವೆಂಬರ್‌ಗೆ ಮುಂಚೆ, ವಿಳಾಸದಲ್ಲಿ ಆರಂಕಿ ಪಿನ್ ಕೋಡ್ ಇದ್ರೆ 1972ರ ಆಗಸ್ಟ್ ನಂತರ. ಪತ್ರಿಕೆ ಹೆಸರಿನ ಒಂದು ಚೂರು ಸಿಕ್ಕಿದ್ರೂ ಉಪಯೋಗ, ಪ್ರಜಾವಾಣಿ ಶುರುವಾಗಿದ್ದು 1948ರಲ್ಲಿ, ಕನ್ನಡಪ್ರಭ 1967ರಲ್ಲಿ, ಅದಕ್ಕಿಂತ ಹಿಂದಿನದ್ದು ಆಗಿರೋಕೆ ಸಾಧ್ಯ ಇಲ್ಲ.

ನಮ್ಮ ಹಿನ್ನೀರಿಗೆ ಮಾತ್ರ ಇರೋ ಒಂದು ಗುರುತು ಬೇರೆ ಇದೆ. ಮಳೆಗಾಲದಲ್ಲಿ ಪತ್ರಿಕೆಗಳು ಲಿಂಗನಮಕ್ಕಿ ನೀರಿನ ಮಟ್ಟ ಹಾಕ್ತಾವೆ, ಗರಿಷ್ಠ 1819 ಅಡಿ, ಇಂದಿನ ಮಟ್ಟ ಇಷ್ಟು ಅಂತ. ಕಟಿಂಗಲ್ಲಿ ಆ ಅಂಕಿ ಇದ್ರೆ ಡ್ಯಾಂ ದಾಖಲೆ ಜೊತೆ ತಾಳೆ ನೋಡಿ ವಾರದ ಮಟ್ಟಕ್ಕೆ ತಾರೀಖು ಹಿಡೀಬಹುದು. ಹಿಡಿದ ತಾರೀಖಿನ ಪಕ್ಕ "ಅಂದಾಜು" ಅಂತ ಬರೀರಿ, ಅಂದಾಜು ಹೇಗೆ ಮಾಡಿದ್ರಿ ಅಂತ್ಲೂ ಬರೀರಿ. ಪಕ್ಕಾ ಆಗ್ಬೇಕಂದ್ರೆ ಬೆಂಗಳೂರಿನ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯ ಅಥವಾ ಆಯಾ ಪತ್ರಿಕೆ ಆಫೀಸಲ್ಲಿ ಹಳೇ ಸಂಚಿಕೆ ಸಿಗತ್ತಾ ಅಂತ ವಿಚಾರಿಸಿ.

ಕಾಗದವನ್ನ ನೋಡ್ಕೊಳ್ಳೋದು

ನ್ಯೂಸ್‌ಪ್ರಿಂಟ್ ಅಗ್ಗದ ಕಾಗದ, ಮರದ ತಿರುಳಿನ ಲಿಗ್ನಿನ್ ಅನ್ನೋ ಅಂಶ ಅದರಲ್ಲೇ ಉಳಿದಿರತ್ತೆ, ಬೆಳಕು ಗಾಳಿ ತಾಗ್ತಾ ತಾಗ್ತಾ ಹಳದಿ ಆಗಿ, ಆಸಿಡ್ ಹೆಚ್ಚಾಗಿ, ಕೊನೆಗೆ ಹಪ್ಪಳದ ಥರ ಮುರೀತದೆ. ಅದನ್ನ ಪೂರ್ತಿ ನಿಲ್ಲಿಸೋಕಾಗಲ್ಲ, ನಿಧಾನ ಮಾಡ್ಬಹುದು ಅಷ್ಟೆ. ಸೆಲ್ಲೋಟೇಪ್ ಬೇಡ, ಫೆವಿಕಾಲ್ ಬೇಡ, ಗುಂಡುಸೂಜಿ ಸ್ಟೇಪ್ಲರ್ ಬೇಡ (ನಮ್ಮ ತೇವಕ್ಕೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯತ್ತೆ), ಲ್ಯಾಮಿನೇಷನ್ ಅಂತೂ ಬೇಡ್ವೇ ಬೇಡ. ತುಂಬಾ ಜನ ಪ್ರೀತಿಯಿಂದಲೇ ಲ್ಯಾಮಿನೇಷನ್ ಮಾಡಿಸ್ತಾರೆ, ಬಿಸಿ ತಾಗಿ, ಆಸಿಡ್ ಒಳಗೇ ಉಳಿದು, ಆಮೇಲೆ ಬಿಡಿಸೋಕೂ ಆಗಲ್ಲ.

ಮಡಚಿದ್ದನ್ನ ಮೆಲ್ಲಗೆ ಬಿಡಿಸಿ, ಮಡಿಕೆ ಗಟ್ಟಿಯಾಗಿದ್ರೆ ಎಳೀಬೇಡಿ. ಒಂದೊಂದನ್ನೂ ಆಸಿಡ್ ಫ್ರೀ ಕಾಗದದ ನಡುವೆ ಚಪ್ಪಟೆಯಾಗಿ ಇಡಿ, ಪ್ಲಾಸ್ಟಿಕ್ ಕವರೇ ಬೇಕಂದ್ರೆ ಪಾಲಿಯೆಸ್ಟರ್‌ದು ತಗೊಳ್ಳಿ, ಸ್ಟೇಷನರಿ ಅಂಗಡಿಯ ವಾಸನೆ ಬರೋ ಪಿವಿಸಿ ಕವರ್ ಬೇಡ. ಹಳೇ ನೋಟ್‌ಬುಕ್ಕಿಗೆ ಅಂಟಿಸಿಟ್ಟಿದ್ರೆ ಕೀಳ್ಬೇಡಿ, ಪುಸ್ತಕವನ್ನ ಹಾಗೇ ಇಟ್ಟು ಪುಟ ಪುಟ ಸ್ಕ್ಯಾನ್ ಮಾಡಿ, ಯಾವುದರ ಪಕ್ಕ ಯಾವುದು ಅಂಟಿಸಿದ್ರು ಅನ್ನೋದೂ ಮಾಹಿತಿಯೇ.

ಮಲೆನಾಡಲ್ಲಿ ದೊಡ್ಡ ಶತ್ರು ಜಡಿಮಳೆ ತಿಂಗಳುಗಳ ಬೂಷ್ಟು, ಆಮೇಲೆ ಒರಲೆ (ಗೆದ್ದಲು). ಬೂಷ್ಟು ಹಿಡಿದ ಕಟಿಂಗನ್ನ ಒದ್ದೆ ಇರುವಾಗ ಒರೆಸ್ಬೇಡಿ, ಬಿಸಿಲಿಗೂ ಹಾಕ್ಬೇಡಿ, ನೆರಳಲ್ಲಿ ಗಾಳಿಗೆ ಒಣಗಿಸಿ, ಪೂರ್ತಿ ಒಣಗಿದ ಮೇಲೆ ಮಾಸ್ಕ್ ಹಾಕ್ಕೊಂಡು ಜಗಲಿ ಹೊರಗೆ ಮೆತ್ತನೆ ಬ್ರಷ್ಷಲ್ಲಿ ಉದುರಿಸಿ. ಬಾಕ್ಸನ್ನ ನೆಲದ ಮೇಲಿಡ್ಬೇಡಿ, ಹೊರಗೋಡೆಗೆ ತಾಗಿಸ್ಬೇಡಿ, ಹೆಂಚಿನ ಕೆಳಗಿನ ಅಟ್ಟಕ್ಕಂತೂ ವಾಪಸ್ ಹಾಕ್ಬೇಡಿ.

ಸ್ಕ್ಯಾನ್

ಗಾಜಿನ ಮೇಲೆ ಕಾಗದ ಮಲಗಿಸೋ ಫ್ಲಾಟ್‌ಬೆಡ್ ಸ್ಕ್ಯಾನರ್ ಸಿಕ್ಕಿದ್ರೆ ಒಳ್ಳೇದು, ಕಾಗದ ಎಳ್ಕೊಳ್ಳೋ ಮಿಷನ್ನಿಗೆ ಮಾತ್ರ ಹಾಕ್ಲೇಬೇಡಿ. ಕಲರಲ್ಲಿ, ಕಡಿಮೆ ಅಂದ್ರೂ 300 ಡಿಪಿಐ (ಸ್ಕ್ಯಾನ್ ಎಷ್ಟು ಸ್ಪಷ್ಟ ಅನ್ನೋ ಅಳತೆ), ಸಣ್ಣ ಅಕ್ಷರ ಇದ್ರೆ 600. ತೆಳು ಕಾಗದ ಆಗಿರೋದ್ರಿಂದ ಹಿಂಬದಿ ಅಕ್ಷರ ಮುಂದೆ ಮೂಡಿ ಎರಡೂ ಕಲಸಿಹೋಗತ್ತೆ, ಆಗ ಕಟಿಂಗ್ ಹಿಂದೆ ಒಂದು ಕಪ್ಪು ಡ್ರಾಯಿಂಗ್ ಶೀಟ್ ಇಡಿ, ಅಕ್ಷರ ಥಟ್ ಅಂತ ಸ್ಪಷ್ಟ ಆಗತ್ತೆ. ಹಿಂಬದೀನೂ ಸ್ಕ್ಯಾನ್ ಮಾಡ್ಬೇಕು, ಅಂಚು ಕ್ರಾಪ್ ಮಾಡ್ಬಾರ್ದು. ಮೊಬೈಲೇ ಗತಿ ಅಂದ್ರೆ ಕಿಟಕಿ ಬೆಳಕಲ್ಲಿ, ಫ್ಲಾಶ್ ಇಲ್ದೆ, ನೇರ ಮೇಲಿಂದ ತೆಗೀರಿ.

ಮೂಲ ಫೈಲ್ ಕ್ವಾಲಿಟಿ ಕಳ್ಕೊಳ್ಳದ ಟಿಫ್ ಆಗಿರಲಿ, ಹಂಚೋಕೆ ಸಣ್ಣ ಸೈಜಿನ ಜೆಪಿಜಿ. ವಾಟ್ಸಾಪಲ್ಲಿ ಫೋಟೋ ಆಗಿ ಕಳಿಸಿದ್ರೆ ಕ್ವಾಲಿಟಿ ಹೋಗತ್ತೆ, ಡಾಕ್ಯುಮೆಂಟ್ ಆಗಿ ಕಳಿಸಿ. ಫೈಲ್ ಹೆಸರು ವರ್ಷ-ತಿಂಗಳು-ದಿನ-ಪತ್ರಿಕೆ ಅಂತ ಇಟ್ರೆ ತಾನಾಗೇ ಕಾಲಕ್ರಮಕ್ಕೆ ಬರತ್ತೆ. ಆಮೇಲೆ ಶೀರ್ಷಿಕೆ, ಊರುಗಳು, ಜನರ ಹೆಸರು ಇಷ್ಟನ್ನಾದ್ರೂ ಯೂನಿಕೋಡಲ್ಲಿ ಕೈಯಾರೆ ಟೈಪ್ ಮಾಡಿ, ಮೊಬೈಲಿನ ಅಕ್ಷರ ಗುರುತಿಸೋ ಆಪ್‌ಗಳು ಹಳೇ ಅಚ್ಚಿನ ಒತ್ತಕ್ಷರದಲ್ಲಿ ಎಡವುತ್ತವೆ.

ಓದಿ ಹೇಳೋದು, ಕೇಳಿಸ್ಕೊಳ್ಳೋದು

ಕಟಿಂಗ್ ಇಟ್ಕೊಂಡು ಹಿರಿಯರ ಹತ್ರ ಹೋಗಿ, ಗಟ್ಟಿಯಾಗಿ ಓದಿ, ರೆಕಾರ್ಡರ್ ಆನ್ ಮಾಡಿ ಸುಮ್ನೆ ಕೂತ್ಕೊಳ್ಳಿ. ಪತ್ರಿಕೆ ಹೇಳಿದ್ದು ಇಷ್ಟು ಮೆಗಾವಾಟ್ ಕರೆಂಟು, ಇಷ್ಟು ಎಕರೆ ಮುಳುಗಡೆ. "ಹೌದು ಮಾರಾಯ, ಆದ್ರೆ ಅವತ್ತು ಏನಾಯ್ತು ಗೊತ್ತಾ" ಅಂತ ಅಜ್ಜಿ ಶುರು ಮಾಡಿದ್ರೆ ಬರೋದು ಬೇರೇನೇ, ಯಾವ ಅಡಕೆ ತೋಟ ಮೊದ್ಲು ಮುಳುಗ್ತು, ದನ ಹೇಗೆ ದಾಟಿಸಿದ್ರು, ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದೋರನ್ನ ಏನ್ಮಾಡಿದ್ರು. ಪತ್ರಿಕೆಗೂ ಅಜ್ಜಿಗೂ ತಾಳೆ ಆಗ್ಲಿಲ್ಲ ಅಂದ್ರೆ ಎರಡನ್ನೂ ಇಟ್ಕೊಳ್ಳಿ, ಒಂದನ್ನ ತಿದ್ದಬೇಡಿ. ಅಪಘಾತ, ಕೋರ್ಟ್ ಕೇಸು, ಜಗಳದ ಸುದ್ದಿ ಆದ್ರೆ ಹೊರಗೆ ಹಾಕೋಕೆ ಮುಂಚೆ ಮನೆಯೋರನ್ನ ಕೇಳ್ಲೇಬೇಕು.

ಇಂಟರ್ನೆಟ್ಟಿಗೆ ಹಾಕೋದಾದ್ರೆ ಕಾಪಿರೈಟ್ ನೋಡ್ಕೊಳ್ಳಿ: ಬರೆದೋರ ಹೆಸರಿಲ್ಲದ ವರದಿಗೆ ಪ್ರಕಟವಾದ ಮೇಲೆ 60 ವರ್ಷ, ಹೆಸರಿದ್ರೆ ಅವರು ತೀರಿಕೊಂಡ ಮೇಲೆ 60 ವರ್ಷ. ಅದರೊಳಗಿನದ್ದಕ್ಕೆ ಪತ್ರಿಕೆಗೆ ಒಂದು ಪತ್ರ ಬರೆದು ಪರ್ಮಿಷನ್ ತಗೊಳ್ಳಿ.

ಕಾಪಿ ಮೂರು ಕಡೆ ಇರಲಿ: ಒಂದು ಹಾರ್ಡ್ ಡಿಸ್ಕ್ ಊರಲ್ಲಿ, ಒಂದು ಸಾಗರದಲ್ಲೋ ಶಿವಮೊಗ್ಗದಲ್ಲೋ ನಂಬಿಕಸ್ಥರ ಹತ್ರ, ಒಂದು ಆನ್‌ಲೈನಲ್ಲಿ. ಪ್ರಿಂಟ್ ಹಾಕಿದ ಒಂದು ಸೆಟ್ ಪಂಚಾಯ್ತಿ ಲೈಬ್ರರಿಗೆ ಕೊಡಿ, ಯಾರು ಬೇಕಾದ್ರೂ ಮುಟ್ಟಿ ಓದ್ಲಿ. ಒರಿಜಿನಲ್ ಕೊಟ್ಟ ಮನೆಗೇ ವಾಪಸ್ ಹೋಗ್ಬೇಕು, ಒಳ್ಳೇ ಕವರಲ್ಲಿ, ಜೊತೆಗೆ ಒಂದು ಪ್ರಿಂಟ್ ಸೇರಿಸಿ. ದೀಪಾವಳಿ ಹೊತ್ತಿಗೆ ಜಡಿಮಳೆ ಕಡಿಮೆ ಆಗಿರತ್ತೆ, ಆಗ ಎಲ್ಲ ಬಾಕ್ಸ್ ತೆಗೆದು ಒರಲೆ ಬೂಷ್ಟು ನೋಡಿ, ಹಾರ್ಡ್ ಡಿಸ್ಕ್ ಹಾಕಿ ಫೈಲ್ ಓಪನ್ ಆಗತ್ತಾ ಅಂತ ಚೆಕ್ ಮಾಡಿ.