ಎರಡರಿಂದ ನಾಲ್ಕು: ಒಂದು ಕೌದಿ, ಒಂದು ಕಥೆ

ಬಳ್ಳಾರಿ ಬಿಸಿಲಿನಿಂದ ಒಂದು ಉಪಕಾರವಂತೂ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಯಾರೂ ಬಾಗಿಲು ಬಡಿಯುವುದಿಲ್ಲ. ತರಕಾರಿ ಗಾಡಿಯವನು ಕೂಡ ಬೇವಿನ ಮರದ ಕೆಳಗೆ ಟವೆಲ್ ಹಾಸಿ ಮಲಗಿರುತ್ತಾನೆ. ಆ ಎರಡು ಗಂಟೆಯನ್ನು ನಾನು ನಲವತ್ತು ವರ್ಷದಿಂದ ಯಾರಿಗೂ ಬಿಟ್ಟುಕೊಟ್ಟಿಲ್ಲ. ಊಟದ ಪಾತ್ರೆ ನೆನೆಹಾಕಿ, ಕಿಟಕಿಗೆ ಲಾವಂಚದ ತಟ್ಟಿ ಇಳಿಸಿ, ಅದಕ್ಕೆ ನೀರು ಚಿಮುಕಿಸಿ, ಪಡಸಾಲೆಯಲ್ಲಿ ಚಾಪೆ ಹಾಸಿದರೆ ಆಯಿತು. ಕೈಗೆ ಹೊಲಿಗೆ, ಕಿವಿಗೆ ಕಥೆ. ಹೊಸದಾಗಿ ಬಂದ ಸೊಸೆ, "ಎರಡೂ ಕೂಡಿ ಹೆಂಗಾಗ್ತದ ಅತ್ತಿ?" ಅಂದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಇಬ್ಬರಿದ್ದರೆ ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಹೊಲಿಯಲಿ. ಒಬ್ಬರೇ ಇದ್ದರೆ ಒಂದು ಅಧ್ಯಾಯ ಓದಿ ಮುಚ್ಚಿಟ್ಟು, ಅದನ್ನೇ ಮೆಲುಕು ಹಾಕುತ್ತ ನಾಲ್ಕು ಸಾಲು ಹೊಲಿಯಿರಿ. ಆದರೆ ಕಥೆ ಕೇಳುವಾಗ ಕ್ರೋಶಾ ಹಿಡಿಯಬೇಡಿ. ಅದು ಲೆಕ್ಕದ ಕೆಲಸ, ಒಂದು ಕೊಂಡಿ ತಪ್ಪಿದರೆ ಮುಂದಿನದೆಲ್ಲ ತಪ್ಪು. ಕಥೆಯೊಳಗೆ ಒಂದು ಮಗು ಸಾಯುವ ಪುಟ ಕೇಳುತ್ತ ನಾನು ಹೆಣೆದ ಟೇಬಲ್ ಕವರಿನ ಮೂಲೆ ಇವತ್ತಿಗೂ ಸೊಟ್ಟ. ಬಿಚ್ಚೋಣ ಅಂದುಕೊಂಡೆ, ಮನಸ್ಸು ಬರಲಿಲ್ಲ. ಕಥೆಗೆ ಜೋಡಿ ಅಂದರೆ ಕೌದಿಯೇ, ಹಳೇ ಸೀರೆ ತುಂಡು ಸೇರಿಸಿ ಹೊಲಿಯುವ ಹೊದಿಕೆ. ಅದಕ್ಕೆ ಲೆಕ್ಕ ಬೇಡ, ಕಣ್ಣೂ ಅಷ್ಟು ಬೇಡ.

ಕೌದಿಗೆ ಹಳೇ ನೂಲಿನ ಸೀರೆಯೇ ಆಗಬೇಕು, ಉಟ್ಟು ಉಟ್ಟು ಮೆತ್ತಗಾದದ್ದು. ಪಾಲಿಯೆಸ್ಟರ್ ಸೇರಿಸಿದರೆ ನಮ್ಮ ಸೆಕೆಗೆ ಮೈಗೆ ಅಂಟುತ್ತದೆ. ಮೊದಲು ಗಂಜಿ ಹೋಗುವಂತೆ ಒಗೆದು ಒಣಗಿಸಿ. ಜರಿ ಅಂಚು ಕತ್ತರಿಸಿ ತೆಗೆದುಬಿಡಿ, ಮಕ್ಕಳ ಕೆನ್ನೆಗೆ ಗೀರುತ್ತದೆ. ಕೆಳಗೆ ಒಂದು ಇಡೀ ಸೀರೆ ಹಾಸಿ, ಮೇಲೆ ತುಂಡುಗಳನ್ನು ಜೋಡಿಸುತ್ತ ಅಂಚಿನಿಂದ ಸುತ್ತಿಕೊಂಡು ನಡುವಿಗೆ ಬನ್ನಿ. ನಡುವಿನಿಂದ ಶುರು ಮಾಡಿದವರ ಕೌದಿ ಅಂಚಿಗೆ ಬರುವಷ್ಟರಲ್ಲಿ ಉಬ್ಬಿ ಹಪ್ಪಳವಾಗಿರುತ್ತದೆ. ಸಾಲಿನಿಂದ ಸಾಲಿಗೆ ಒಂದು ಬೆರಳಿನ ಅಂತರ ಸಾಕು. ದಾರವನ್ನು ಮೊಳಕ್ಕಿಂತ ಉದ್ದ ಪೋಣಿಸಬೇಡಿ, ಸಿಕ್ಕುಬೀಳುತ್ತದೆ. ನಮ್ಮೂರಲ್ಲಿ ಜೀನ್ಸ್ ಹೊಲಿಯುವವರು ಓಣಿಗೊಬ್ಬರು, ಕಟಿಂಗ್ ತುಂಡು ಸುಮ್ಮನೆ ಸಿಗುತ್ತವೆ ಅಂತ ಅದನ್ನು ಕೌದಿಗೆ ಹಾಕಲು ಹೋಗಿ ಮೂರು ಸೂಜಿ ಮುರಿದೆ. ಜೀನ್ಸ್ ಕಾಲೊರಸಿಗೆ, ಸಂತೆಚೀಲಕ್ಕೆ ಸರಿ.

ಬಿಳಿ ದಾರದ ಕೆಲಸಕ್ಕೆ ಕೂರುವ ಮುಂಚೆ ಕೈ ತೊಳೆಯಿರಿ. ಬೆವರಿನ ಕಲೆ ಆಗ ಕಾಣುವುದಿಲ್ಲ, ವರ್ಷ ಕಳೆದ ಮೇಲೆ ಹಳದಿಯಾಗಿ ಎದ್ದು ಬರುತ್ತದೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಏನಿದ್ದರೂ ನಾಲ್ಕು ಗಂಟೆಯ ಮೇಲೆ. ಅಜ್ಜಿಯ ಕಾಲದ ಲೇಸು ಹಳದಿಯಾಗಿದ್ದರೆ ಬ್ಲೀಚಿಂಗ್ ಪುಡಿ ಮುಟ್ಟಿಸಬೇಡಿ, ಎಳೆ ಸುಟ್ಟಂತೆ ಪುಡಿಯಾಗುತ್ತದೆ. ಅಂಟವಾಳಕಾಯಿ ನೀರಲ್ಲಿ ಒಂದು ರಾತ್ರಿ ನೆನೆಸಿ, ತಿಕ್ಕದೆ ಹಿಂಡದೆ, ಟವೆಲ್ ಮೇಲೆ ಹರಡಿ ಒಣಗಿಸಿ. ಗಂಜಿ ಹಾಕಿ ಪೆಟ್ಟಿಗೆಯಲ್ಲಿಡುವುದು ದೊಡ್ಡ ತಪ್ಪು, ಹುಳಕ್ಕೆ ಕರೆದು ಊಟ ಹಾಕಿದಂತೆ.

ಇನ್ನು ಪುಸ್ತಕ. ನಮ್ಮೂರಿಗೆ ಅಚ್ಚಿನ ಕನ್ನಡ ಹೊಸದಲ್ಲ. ಲಂಡನ್ ಮಿಷನ್ನಿನ ಪಾದ್ರಿ ಜಾನ್ ಹ್ಯಾಂಡ್ಸ್ ಅವರು 1810ರಲ್ಲಿ ಇಲ್ಲಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತವರು. 1843ರಲ್ಲಿ ಹುಟ್ಟಿದ 'ಮಂಗಳೂರ ಸಮಾಚಾರ' ಪತ್ರಿಕೆ ಮರುವರ್ಷ ಬಳ್ಳಾರಿಗೆ ಬಂದು 'ಕನ್ನಡ ಸಮಾಚಾರ'ವಾಗಿ ಅಚ್ಚಾಯಿತು. ನಮ್ಮ ಮನೆಯ ಕಥೆಪುಸ್ತಕಗಳಲ್ಲಿ ಮೊದಲ ಪ್ರೀತಿ 'ಯಾತ್ರಿಕನ ಸಂಚಾರ'. ಇಂಗ್ಲಿಷಿನಲ್ಲಿ ಇದರ ಮೂಲವನ್ನು ಬರೆದ ಜಾನ್ ಬನ್ಯನ್ ಅಪ್ಪಣೆಯಿಲ್ಲದೆ ಬೋಧಿಸಿದ ಅಂತ ಇಂಗ್ಲೆಂಡಿನ ಬೆಡ್‌ಫರ್ಡಿನ ಸೆರೆಮನೆಯಲ್ಲಿ 12 ವರ್ಷ ಇದ್ದವನು, ಪುಸ್ತಕ ಹೊರಬಂದದ್ದು 1678ರಲ್ಲಿ. ಯಾತ್ರಿಕನ ಬೆನ್ನ ಮೇಲಿನ ಹೊರೆ ಶಿಲುಬೆಯ ಹತ್ತಿರ ತಾನಾಗಿ ಜಾರಿಬೀಳುವ ಪುಟಕ್ಕೆ ಬಂದಾಗ ನಮ್ಮತ್ತೆ ಸೂಜಿ ಕೆಳಗಿಡುತ್ತಿದ್ದರು. ಡಿಸೆಂಬರಿನಲ್ಲಿ ನಾವು ಓದುವುದು ಟಾಲ್‌ಸ್ಟಾಯ್ 1885ರಲ್ಲಿ ಬರೆದ, ಜೋಡು ಹೊಲಿಯುವ ಮಾರ್ಟಿನ್‌ನ ಕಥೆ. ಅವನ ನೆಲಮನೆಯ ಕಿಟಕಿಯಿಂದ ಕಾಣುವುದು ಬೀದಿಯವರ ಕಾಲು ಮಾತ್ರ. ದೇವರು ಬರುತ್ತಾನೆಂದು ಕಾಯುತ್ತ, ಚಳಿಯಲ್ಲಿ ನಿಂತ ಮುದುಕನಿಗೆ ಚಹಾ ಕೊಡುತ್ತಾನೆ. ಒಂದೇ ಕೂತಿಗೆ ಮುಗಿಯುತ್ತದೆ, ಮಕ್ಕಳೂ ಕೇಳುತ್ತಾರೆ. ಮೂರು ಪುಟಕ್ಕೊಂದು ಪ್ರಸಂಗ, ಅಂದರೆ ಚರ್ಚಿನ ಬೋಧನೆ, ಇಟ್ಟು, ಕೊನೆಗೆ ಕುಡುಕ ಗಂಡ ಒಂದೇ ಪ್ರಾರ್ಥನೆಗೆ ನೆಟ್ಟಗಾಗುವ ಕಾದಂಬರಿಗಳೂ ಇವೆ. ನನಗೆ ಅವು ರುಚಿಸುವುದಿಲ್ಲ. ಪ್ರಸಂಗ ಕೇಳಲು ಭಾನುವಾರ ಇದೆಯಲ್ಲ. ತಪ್ಪು ಮಾಡಿ ಬಹಳ ದಿನ ಒದ್ದಾಡುವ ಮನುಷ್ಯ ಕಥೆಯೊಳಗೆ ಇರಬೇಕು.

ಹಳೇ ಪುಸ್ತಕ ಹರಿದರೆ ಅಂಟುಟೇಪ್ ಹಚ್ಚಬೇಡಿ. ನಮ್ಮವ್ವನ ಕೀರ್ತನೆ ಪುಸ್ತಕಕ್ಕೆ ಹಚ್ಚಿ ಹಾಳು ಮಾಡಿದವಳು ನಾನೇ. ಟೇಪ್ ಉದುರಿತು, ಕಂದು ಕಲೆ ಅಕ್ಷರದ ಮೇಲೆ ಉಳಿಯಿತು. ಮೈದಾ ಹಿಟ್ಟನ್ನು ತೆಳ್ಳಗೆ ಕುದಿಸಿ, ಆರಿಸಿ, ತೆಳು ಬಿಳಿ ಕಾಗದದ ಪಟ್ಟಿ ಅಂಟಿಸಿ, ಮೇಲೆ ಭಾರ ಹೇರಿ ಒಂದು ದಿನ ಬಿಡಿ. ಬೈಂಡಿಂಗಿನವರು ಹುಳ ಬಾರದಿರಲು ಅದಕ್ಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡ. ಒಣಗಿದ ಬೇವಿನೆಲೆಯನ್ನು ಬಟ್ಟೆಚೀಲದಲ್ಲಿ ಕಟ್ಟಿ ಕಪಾಟಿನಲ್ಲಿಡಿ. ಹಸಿ ಎಲೆಯನ್ನು ಪುಟದೊಳಗಿಟ್ಟರೆ ಕಲೆಯಾಗುತ್ತದೆ. ಗೆದ್ದಲಿನ ಭಯಕ್ಕೆ ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಸರಿಸಿ.

ಮೊಬೈಲ್ ಅಡುಗೆಮನೆಯ ಹಿಟ್ಟಿನ ಡಬ್ಬಿ ಮೇಲಿರಲಿ. ಅಲ್ಲಿಂದ ಕೇಳಿಸುತ್ತದೆ, ಎದ್ದು ಹೋಗಲು ಮಾತ್ರ ಬೇಸರವಾಗುತ್ತದೆ.

ಕೌದಿಯ ಕಡೇ ತುಂಡು ಮುಚ್ಚುವ ಮುಂಚೆ ನಮ್ಮಜ್ಜಿ ಅದರೊಳಗೆ ಹೋಳಿಗೆಯ ಚೂರು ಇಡುತ್ತಿದ್ದಳು, ಕೌದಿ ಹಸಿದಿರಬಾರದು ಅಂತ. "ಇರುವಿ ಬರಂಗಿಲ್ಲೇನು?" ಅಂದಳು ಸೊಸೆ. ಬರುತ್ತವೆ, ಒಂದು ಸಲ ಬಂದೂ ಇದ್ದವು. ಅದಕ್ಕೇ ಈಗ ಹೋಳಿಗೆ ಬಿಟ್ಟು ಐದು ಹುರಿದ ಜೋಳದ ಕಾಳು ಇಡುತ್ತೇನೆ. ಈ ಸಲದ ಕಾಳು ಅವಳೇ ಹುರಿದಳು, ಸ್ವಲ್ಪ ಸೀದಿವೆ.