ಇಂಗ್ಲೆಂಡಿನಲ್ಲಿ ಜನ ಆರಿಸುವ ಪೊಲೀಸ್ ಕಮಿಷನರ್‌ಗಳು, ಮತ್ತು ಅವರು ಕಟ್ಟಿಕೊಂಡ ಸಂಘ

ಇಂಗ್ಲೆಂಡಿಗೆ ಬಂದ ಹೊಸತರಲ್ಲಿ ಕೌನ್ಸಿಲ್ ಟ್ಯಾಕ್ಸ್, ಅಂದರೆ ಮನೆಗೆ ಕಟ್ಟುವ ಸ್ಥಳೀಯ ತೆರಿಗೆಯ ಬಿಲ್ ಬಿಡಿಸಿ ನೋಡಿದಾಗ ಒಂದು ಸಾಲು ನನಗೆ ಅರ್ಥವೇ ಆಗಲಿಲ್ಲ. ಕೌನ್ಸಿಲ್‌ನ ಪಾಲು ಇಷ್ಟು, ಅಗ್ನಿಶಾಮಕ ದಳದ ಪಾಲು ಇಷ್ಟು ಅಂತ ಬರೆದಿತ್ತು. ಅದು ಸರಿ. ಅದರ ಜೊತೆಗೆ ‘ಪೊಲೀಸ್ ಅಂಡ್ ಕ್ರೈಮ್ ಕಮಿಷನರ್’ ಅಂತ ಇನ್ನೊಂದು ಮೊತ್ತ. ಕಮಿಷನರ್‌ಗೆ ನಾನೇಕೆ ದುಡ್ಡು ಕೊಡಬೇಕು?

ನಮ್ಮ ತಲೆಯಲ್ಲಿ ಕಮಿಷನರ್ ಅಂದರೆ ಖಾಕಿ ತೊಟ್ಟ ಐಪಿಎಸ್ ಅಧಿಕಾರಿ. ಬೆಂಗಳೂರಿಗೆ 1963ರಿಂದ ಪೊಲೀಸ್ ಕಮಿಷನರ್ ಇದ್ದಾರೆ. ಅವರನ್ನು ಸರ್ಕಾರ ನೇಮಿಸುತ್ತದೆ, ಸರ್ಕಾರವೇ ವರ್ಗ ಮಾಡುತ್ತದೆ. ಇಲ್ಲಿ ಆ ಕುರ್ಚಿಯಲ್ಲಿ ಕೂರುವವರ ಹೆಸರು ಚೀಫ್ ಕಾನ್‌ಸ್ಟೇಬಲ್. ಬಿಲ್‌ನಲ್ಲಿರುವ ಕಮಿಷನರ್ ಪೊಲೀಸರೇ ಅಲ್ಲ. ಅವರು ವೋಟು ಕೇಳಿ ಗೆದ್ದು ಬಂದವರು. ಯಾರನ್ನೂ ಬಂಧಿಸುವಂತಿಲ್ಲ, ಯಾವ ಕೇಸು ಹೇಗೆ ತನಿಖೆ ಆಗಬೇಕೆಂದು ಹೇಳುವಂತಿಲ್ಲ. ಗೊಂದಲ ಇನ್ನೂ ಜಾಸ್ತಿ ಮಾಡಲು ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ಮುಖ್ಯಸ್ಥರನ್ನು ಕಮಿಷನರ್ ಎಂದೇ ಕರೆಯುತ್ತಾರೆ. ಅವರು ಖಾಕಿಯವರ ಸಾಲಿನವರೇ, ಚುನಾಯಿತರಲ್ಲ. ಲಂಡನ್ನಿನಲ್ಲಿ ಚುನಾಯಿತ ಜವಾಬ್ದಾರಿ ಮೇಯರ್‌ದು.

ಹಾಗಾದರೆ ಈ ಚುನಾಯಿತ ಕಮಿಷನರ್ ಮಾಡುವುದೇನು? ಚೀಫ್ ಕಾನ್‌ಸ್ಟೇಬಲ್ ಅವರನ್ನು ನೇಮಿಸುವುದು, ಬೇಕಾದರೆ ತೆಗೆಯುವುದು. ಪೊಲೀಸ್ ಬಜೆಟ್ ನಿರ್ಧರಿಸುವುದು. ನಮ್ಮ ತೆರಿಗೆಯಲ್ಲಿ ಪೊಲೀಸ್ ಪಾಲು ಎಷ್ಟು ಅಂತ ಹೇಳುವುದು. ಯಾವ ಅಪರಾಧಕ್ಕೆ ಮೊದಲ ಗಮನ ಅನ್ನುವ ಯೋಜನೆ ಬರೆಯುವುದು. ಅಪರಾಧಕ್ಕೆ ಗುರಿಯಾದವರಿಗೆ ನೆರವು ಕೊಡುವ ಸಂಸ್ಥೆಗಳಿಗೆ ಹಣ ಕೊಡುವುದು. ಇವರ ಮೇಲೆ ಕಣ್ಣಿಡಲು ಸ್ಥಳೀಯ ಕೌನ್ಸಿಲರ್‌ಗಳಿರುವ ಒಂದು ಪ್ಯಾನೆಲ್ ಇದೆ. ಮೂರರಲ್ಲಿ ಎರಡು ಭಾಗ ಸದಸ್ಯರು ಒಪ್ಪಿದರೆ ಆ ಪ್ಯಾನೆಲ್ ತೆರಿಗೆ ಪ್ರಸ್ತಾವವನ್ನು ವಾಪಸ್ ಕಳಿಸಬಹುದು. ಇದೆಲ್ಲ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ. ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್‌ಗಳಲ್ಲಿ ಬೇರೆ ಏರ್ಪಾಡು.

ಈ ಹುದ್ದೆ ಹಳೆಯದೇನಲ್ಲ. ಮೊದಲು ಪ್ರತಿ ಪೊಲೀಸ್ ಪಡೆಗೂ ಒಂದು ಪೊಲೀಸ್ ಅಥಾರಿಟಿ ಇತ್ತು. ಸಾಮಾನ್ಯವಾಗಿ 17 ಜನರ ಸಮಿತಿ. ಅದರಲ್ಲಿ ಯಾರ್ಯಾರಿದ್ದಾರೆ ಅಂತ ಊರಿನ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. 2011ರ ಕಾಯ್ದೆ ಅದನ್ನು ತೆಗೆದು, ಆ ಜಾಗದಲ್ಲಿ ಒಬ್ಬರೇ ವ್ಯಕ್ತಿಯನ್ನು ಕೂರಿಸಿತು. 2012ರ ನವೆಂಬರ್ 15ರಂದು 41 ಕಡೆ ಚುನಾವಣೆ ಆಯಿತು. ಚಳಿ, ಬೇಗ ಕತ್ತಲಾಗುವ ದಿನ. ಸುಮಾರು ಶೇ 15ರಷ್ಟು ಜನ ಮಾತ್ರ ವೋಟು ಹಾಕಿದರು. ವೇಲ್ಸ್‌ನ ನ್ಯೂಪೋರ್ಟ್‌ನ ಒಂದು ಮತಗಟ್ಟೆಯಲ್ಲಿ ಒಂದೇ ಒಂದು ವೋಟೂ ಬೀಳಲಿಲ್ಲ.

ಗೆದ್ದವರ ಸ್ಥಿತಿ ಯೋಚಿಸಿ ನೋಡಿ. 15ರಂದು ಚುನಾವಣೆ, 22ಕ್ಕೆ ಅಧಿಕಾರ. ಫೆಬ್ರವರಿ 1ರೊಳಗೆ ತೆರಿಗೆ ಎಷ್ಟು ಅಂತ ಪ್ಯಾನೆಲ್‌ಗೆ ತಿಳಿಸಬೇಕು. ಮಾರ್ಚ್ ಮುಗಿಯುವುದರೊಳಗೆ ಯೋಜನೆ ಪ್ರಕಟಿಸಬೇಕು. ಮೊದಲು 17 ಜನ ಹಂಚಿಕೊಂಡಿದ್ದ ಕೆಲಸ ಈಗ ಒಬ್ಬರ ತಲೆ ಮೇಲೆ. ಹಿಂದೆ ಈ ಕುರ್ಚಿಯಲ್ಲಿ ಕೂತವರು ಯಾರೂ ಇಲ್ಲ, ಹಾಗಾಗಿ ಕೇಳಿ ತಿಳಿಯೋಣ ಅಂದರೆ ದಾರಿ ಇಲ್ಲ. ಎದುರಿಗೆ ಚೀಫ್ ಕಾನ್‌ಸ್ಟೇಬಲ್‌ಗಳಿಗೆ ತಮ್ಮದೇ ಗಟ್ಟಿ ಸಂಘ ಇತ್ತು. ಲಂಡನ್ನಿನಲ್ಲಿ ಗೃಹ ಇಲಾಖೆ ಕೂತಿತ್ತು. ಈ 41 ಜನ ಒಬ್ಬೊಬ್ಬರೇ ಹೋಗಿ ಗೃಹ ಇಲಾಖೆಯ ಬಾಗಿಲು ತಟ್ಟಿದರೆ ಏನಾಗುತ್ತದೆ? ದೊಡ್ಡ ಪಡೆಯವರ ಮಾತು ಕೇಳಿಸುತ್ತದೆ, ಚಿಕ್ಕವರದ್ದು ಕೇಳಿಸುವುದಿಲ್ಲ.

ಎಲ್ಲರೂ ಸೇರಿ ನೋಡಬೇಕಾದ ಕೆಲಸಗಳೂ ಇದ್ದವು. ಪೊಲೀಸ್ ಹೆಲಿಕಾಪ್ಟರ್‌ಗಳನ್ನೇ ತೆಗೆದುಕೊಳ್ಳಿ. ಒಂದೊಂದು ಪಡೆಯದ್ದು ಒಂದೊಂದು ಅಂತ ಇದ್ದದ್ದನ್ನು ಕೂಡಿಸಿ, 2012ರ ಅಕ್ಟೋಬರ್‌ನಲ್ಲಷ್ಟೇ ಒಂದು ರಾಷ್ಟ್ರೀಯ ವಾಯು ಸೇವೆ ಶುರುವಾಗಿತ್ತು. ಖರ್ಚು ಯಾರು ಎಷ್ಟು ಕೊಡಬೇಕು? ಯಾವ ನೆಲೆ ಉಳಿಯಬೇಕು? ಇಂಥ ಮಾತುಕತೆಗೆ ಕಮಿಷನರ್‌ಗಳ ಪರವಾಗಿ ಯಾರಾದರೂ ಕೂರಲೇಬೇಕಲ್ವಾ?

ಹೀಗೆ ಹುಟ್ಟಿದ್ದು ಕಮಿಷನರ್‌ಗಳ ರಾಷ್ಟ್ರೀಯ ಸಂಘ, ‘ಅಸೋಸಿಯೇಷನ್ ಆಫ್ ಪೊಲೀಸ್ ಅಂಡ್ ಕ್ರೈಮ್ ಕಮಿಷನರ್ಸ್’, ಚಿಕ್ಕದಾಗಿ ಎಪಿಸಿಸಿ. ಅದನ್ನು ಕಟ್ಟುವಾಗ ಒಂದು ತೊಡಕು ಎದುರಾಯಿತು. ಸಂಘ ಬೇಕಾಗಿದ್ದದ್ದು ಗೆದ್ದವರಿಗೆ. ಆದರೆ ಅವರು ಯಾರೆಂದು ಚುನಾವಣೆ ಮುಗಿಯುವವರೆಗೆ ಗೊತ್ತಾಗುವುದಿಲ್ಲ. ಅವರು ಗೆದ್ದ ಮೇಲೆ ಕಟ್ಟಲು ಕೂತರೆ ಮೊದಲ ಬಜೆಟ್ಟೇ ಮುಗಿದು ಹೋಗಿರುತ್ತದೆ. ಅದಕ್ಕೇ ಹಳೆಯ ಪೊಲೀಸ್ ಅಥಾರಿಟಿಗಳ ಸಂಘ ತಾನು ಮುಚ್ಚುವ ಮುಂಚೆ ಹೊಸದರ ಚೌಕಟ್ಟು ಸಿದ್ಧ ಮಾಡಿಟ್ಟಿತು. ಸೇರುವುದು, ಬಿಡುವುದು ಗೆದ್ದವರಿಗೆ ಬಿಟ್ಟದ್ದು. ಇದು ನನಗೆ ತುಂಬ ಮೆಚ್ಚುಗೆಯಾದ ನಡೆ. ಮನೆ ಖಾಲಿ ಮಾಡುವವರು ಒಲೆ ಹಚ್ಚಿಟ್ಟು, ಅಡುಗೆ ಏನು ಅನ್ನುವುದನ್ನು ಬರುವವರಿಗೆ ಬಿಟ್ಟು ಹೋದ ಹಾಗೆ.

ಪಕ್ಷಗಳ ಲೆಕ್ಕ ಇನ್ನೊಂದು ತೊಡಕು. ಆ ಮೊದಲ 41ರಲ್ಲಿ 16 ಜನ ಕನ್ಸರ್ವೇಟಿವ್, 13 ಲೇಬರ್, 12 ಜನ ಯಾವ ಪಕ್ಷಕ್ಕೂ ಸೇರದವರು. ಯಾರಿಗೂ ಬಹುಮತ ಇಲ್ಲ. ಮೊದಲ ಚುನಾಯಿತ ಅಧ್ಯಕ್ಷರಾದದ್ದು ಗ್ರೇಟರ್ ಮ್ಯಾಂಚೆಸ್ಟರ್‌ನ ಟೋನಿ ಲಾಯ್ಡ್, ಲೇಬರ್ ಪಕ್ಷದವರು. ಆಗ ಕೇಂದ್ರದಲ್ಲಿದ್ದದ್ದು ಕನ್ಸರ್ವೇಟಿವ್ ನೇತೃತ್ವದ ಸರ್ಕಾರ. ಹೊಸ ಸಂಘಕ್ಕೆ ಅದೊಂದು ಒಳ್ಳೆಯ ಆರಂಭ ಅಂತ ನನಗೆ ಅನಿಸುತ್ತದೆ. ಸಂಘ ಯಾವ ಪಕ್ಷದ ಬಾಲವೂ ಅಲ್ಲ ಅಂತ ಮೊದಲ ದಿನದಿಂದಲೇ ಕಾಣಿಸಿತು.

ಇಷ್ಟಾದರೂ ಇದು ಕಮಿಷನರ್‌ಗಳ ಮೇಲಧಿಕಾರಿ ಅಲ್ಲ. ಯಾವ ಕಮಿಷನರ್‌ಗೂ ಹೀಗೇ ಮಾಡು ಅನ್ನುವಂತಿಲ್ಲ. ಹೊಸಬರಿಗೆ ಕೆಲಸ ಹೇಳಿಕೊಡುತ್ತದೆ. ಒಬ್ಬೊಬ್ಬ ಕಮಿಷನರ್‌ಗೆ ಒಂದೊಂದು ವಿಷಯ ಒಪ್ಪಿಸಿ, ಅದರಲ್ಲಿ ಎಲ್ಲರ ಪರವಾಗಿ ಮಾತಾಡಿಸುತ್ತದೆ. ಸಂಸತ್ತಿನಲ್ಲಿ ಮಸೂದೆ ಬಂದರೆ ಅಭಿಪ್ರಾಯ ಕೊಡುತ್ತದೆ. ಅಮೆರಿಕದಲ್ಲಿ, ಬ್ರಿಟನ್ನಿನಲ್ಲಿ ಕನ್ನಡ ಕೂಟ ನಡೆಸಿದವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಊರೂರಿನ ಕೂಟಕ್ಕೆ ಅದರದೇ ಸಮಿತಿ, ಅದರದೇ ಖಾತೆ. ಎಲ್ಲ ಸೇರಿ ಒಕ್ಕೂಟ ಮಾಡಿಕೊಂಡರೂ, ನಮ್ಮೂರಿನ ಯುಗಾದಿ ಯಾವ ಹಾಲ್‌ನಲ್ಲಿ ಅಂತ ಒಕ್ಕೂಟ ಹೇಳಲು ಬಂದರೆ ಯಾರೂ ಒಪ್ಪುವುದಿಲ್ಲ.

ದುಡ್ಡಿನ ವಿಷಯಕ್ಕೆ ಬಂದಾಗ ಒಗ್ಗಟ್ಟು ಕಷ್ಟ. ಸರ್ರೆಯಂಥ ಕಡೆ ಪೊಲೀಸ್ ಖರ್ಚಿನ ಅರ್ಧಕ್ಕಿಂತ ಜಾಸ್ತಿ ಸ್ಥಳೀಯ ತೆರಿಗೆಯಿಂದಲೇ ಬರುತ್ತದೆ. ನಾರ್ಥಂಬ್ರಿಯಾದಲ್ಲಿ ಆ ಪಾಲು ತುಂಬ ಕಡಿಮೆ, ಅವರು ಕೇಂದ್ರದ ಅನುದಾನವನ್ನೇ ನಂಬಿದ್ದಾರೆ. ಅನುದಾನ ಹಂಚುವ ಸೂತ್ರ ಬದಲಾದರೆ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ. 2015ರಲ್ಲಿ ಗೃಹ ಇಲಾಖೆ ಹೊಸ ಸೂತ್ರ ತರಲು ಹೊರಟಿತು. ಅದರ ಲೆಕ್ಕದಲ್ಲಿ ತಪ್ಪು ಅಂಕಿ ಸೇರಿದೆ ಅಂತ ಕಂಡುಹಿಡಿದದ್ದು ಡೆವನ್ ಮತ್ತು ಕಾರ್ನ್‌ವಾಲ್ ಕಮಿಷನರ್ ಕಚೇರಿ. ಸರ್ಕಾರ ಕ್ಷಮೆ ಕೇಳಿ ಯೋಜನೆ ಕೈಬಿಟ್ಟಿತು. ಅಂಥ ಹೊತ್ತಿನಲ್ಲಿ ಊರಿನ ಪರ ನಿಂತದ್ದು ಸ್ಥಳೀಯ ಕಚೇರಿ. ಅದಕ್ಕೇ ನಾನು ಹೇಳುವುದು, ಸಂಘ ಇರಲಿ, ಆದರೆ ಕಮಿಷನರ್ ಮೊದಲು ತನ್ನ ಊರಿನವರಿಗೆ ಉತ್ತರ ಕೊಡಬೇಕು.

ನಮ್ಮವರೊಬ್ಬರ ಅಂಗಡಿಗೆ ಮೇಲಿಂದ ಮೇಲೆ ಕಳ್ಳರು ನುಗ್ಗುತ್ತಿದ್ದರು. ಅವರು ರಾಷ್ಟ್ರೀಯ ಸಂಘಕ್ಕೆ ಉದ್ದನೆಯ ಪತ್ರ ಬರೆದರು. ದೊಡ್ಡವರಿಗೆ ಬರೆದರೆ ಬೇಗ ಕೆಲಸ ಆಗುತ್ತದೆ ಅನ್ನುವುದು ನಮ್ಮ ಅಭ್ಯಾಸ. ಇಲ್ಲಿ ಅದು ತಪ್ಪು ವಿಳಾಸ. ಒಂದೊಂದು ಊರಿನ ದೂರು ಸಂಘದ ಕೆಲಸ ಅಲ್ಲ. ಕೊನೆಗೆ ತಮ್ಮ ಪ್ರದೇಶದ ಕಮಿಷನರ್ ಕಚೇರಿಗೆ ಅರ್ಧ ಪುಟದ ಮಿಂಚಂಚೆ ಕಳಿಸಿದರು. ಆಗ ಉತ್ತರ ಬಂತು.

ಈಗ ಒಂದು ಮುಖ್ಯ ಸುದ್ದಿ. ಈ ಹುದ್ದೆಯನ್ನೇ ತೆಗೆಯುತ್ತೇವೆ ಎಂದು 2025ರ ನವೆಂಬರ್ 13ರಂದು ಸರ್ಕಾರ ಪ್ರಕಟಿಸಿತು. ಈಗಿರುವವರ ಅವಧಿ 2028ರ ಮೇನಲ್ಲಿ ಮುಗಿಯುತ್ತದೆ. ಆಮೇಲೆ ಇಂಗ್ಲೆಂಡಿನಲ್ಲಿ ಮೇಯರ್ ಇರುವ ಕಡೆ ಮೇಯರ್, ಇಲ್ಲದ ಕಡೆ ಕೌನ್ಸಿಲ್ ಮುಖಂಡರ ಮಂಡಳಿ ಈ ಕೆಲಸ ನೋಡಬೇಕು ಅನ್ನುವುದು ಯೋಜನೆ. ಆ ದಾರಿ ಆಗಲೇ ಶುರುವಾಗಿತ್ತು. ಗ್ರೇಟರ್ ಮ್ಯಾಂಚೆಸ್ಟರ್‌ನಲ್ಲಿ 2017ರಿಂದ, ವೆಸ್ಟ್ ಯಾರ್ಕ್‌ಶೈರ್‌ನಲ್ಲಿ 2021ರಿಂದ, ಇನ್ನೂ ಎರಡು ಕಡೆ 2024ರ ಮೇನಿಂದ ಮೇಯರೇ ಈ ಜವಾಬ್ದಾರಿ ಹೊತ್ತಿದ್ದಾರೆ. ಹಾಗಾಗಿ 2024ರ ಮೇನಲ್ಲಿ ಚುನಾವಣೆ ನಡೆದದ್ದು 37 ಹುದ್ದೆಗಳಿಗೆ. 2012ರಲ್ಲಿ ಹಳೆಯ ಸಂಘ ನಿಂತ ಜಾಗದಲ್ಲೇ ಈಗ ಎಪಿಸಿಸಿ ನಿಂತಿದೆ. ಹದಿಮೂರು ವರ್ಷ ಕಲಿತದ್ದನ್ನು, ಅದರಲ್ಲೂ ಹಿಂಸೆಗೆ ಸಿಕ್ಕ ಹೆಂಗಸರು ಮಕ್ಕಳಿಗೆ ನೆರವು ಕೊಡುವ ಸಂಸ್ಥೆಗಳ ಗುತ್ತಿಗೆಗಳನ್ನು, ಮುರಿಯದ ಹಾಗೆ ಮುಂದಿನವರ ಕೈಗೆ ದಾಟಿಸಬೇಕು. ಇದು ಸರಿಯಾಗಿ ಆಗದಿದ್ದರೆ ನಷ್ಟ ಆಗುವುದು ಕಮಿಷನರ್‌ಗಳಿಗಲ್ಲ, ಆಸರೆಗೆ ಕಾಯುತ್ತಿರುವವರಿಗೆ.

ಅಲ್ಲಿಯವರೆಗೆ ನಿಮ್ಮ ಕಮಿಷನರ್ ನಿಮ್ಮವರೇ. ಬಿಲ್‌ನಲ್ಲಿ ಹೆಸರಿರುವ ಪ್ರದೇಶ ನೋಡಿ ಅವರ ಕಚೇರಿಯನ್ನು ಹುಡುಕಿ. ಪೊಲೀಸರಿಗೆ ಕೊಟ್ಟ ದೂರಿನ ತೀರ್ಮಾನ ಸರಿ ಇಲ್ಲ ಅನಿಸಿದರೆ, 2020ರ ಫೆಬ್ರವರಿಯಿಂದ ಹಲವು ಬಗೆಯ ದೂರುಗಳ ಮರುಪರಿಶೀಲನೆ ಇದೇ ಕಚೇರಿಯಲ್ಲಿ ಆಗುತ್ತದೆ. ತೆರಿಗೆ ಏರಿಸುವ ಮುಂಚೆ ಜನರ ಅಭಿಪ್ರಾಯ ಕೇಳುತ್ತಾರೆ. ಸಾಮಾನ್ಯವಾಗಿ ಚಳಿಗಾಲದಲ್ಲಿ, ಫೆಬ್ರವರಿಗೆ ಮೊದಲು. ಐದು ನಿಮಿಷದ ಕೆಲಸ, ತುಂಬಿ ಕಳಿಸಿ.

ವೋಟಿನ ವಿಷಯ ನಮ್ಮವರಲ್ಲಿ ಹಲವರಿಗೆ ಗೊತ್ತೇ ಇಲ್ಲ. ಭಾರತ ಕಾಮನ್‌ವೆಲ್ತ್ ದೇಶ. ಹಾಗಾಗಿ ಬ್ರಿಟಿಷ್ ಪಾಸ್‌ಪೋರ್ಟ್ ಇಲ್ಲದಿದ್ದರೂ, ಸರಿಯಾದ ವೀಸಾದ ಮೇಲೆ ಇಲ್ಲಿ ವಾಸವಿದ್ದರೆ ಭಾರತದ ಪ್ರಜೆ ಇಲ್ಲಿ ವೋಟು ಹಾಕಬಹುದು. ಕಮಿಷನರ್‌ಗೆ, ಮೇಯರ್‌ಗೆ, ಕೌನ್ಸಿಲ್‌ಗೆ, ಸಂಸತ್ತಿಗೂ. ಮೊದಲು ಮತದಾರರ ಪಟ್ಟಿಗೆ ಹೆಸರು ಸೇರಿಸಬೇಕು, ಆನ್‌ಲೈನ್‌ನಲ್ಲೇ ಆಗುತ್ತದೆ. ಮತಗಟ್ಟೆಯಲ್ಲಿ ಫೋಟೊ ಇರುವ ಗುರುತು ಕೇಳಿದರೆ ನಿಮ್ಮ ಭಾರತದ ಪಾಸ್‌ಪೋರ್ಟನ್ನೇ ತೋರಿಸಿ. ಅದನ್ನು ಒಪ್ಪುತ್ತಾರೆ.